ನಗೆಯ ಕಥೆಗೆ ಮುನ್ನಡೆ ಬೇಕೆ?

(ಬಾನುಲಿ ಭಾಷಣ)

ಕಥೆ ಕೇಳುವವರ ಬಾಯಲ್ಲಿ ಎಲ್ಲ ಕಾಲಕ್ಕೂ ಇರುವ ಪ್ರಶ್ನೆ ಒಂದೇ: 'ಮುಂದೇನಾಯಿತು?' ಈ ಪ್ರಶ್ನೆ ಹುಟ್ಟದಿದ್ದರೆ ಅದು ಕಥೆಯೇ ಅಲ್ಲವೆಂದು ನಾವು ಸಾಮಾನ್ಯವಾಗಿ ತಿಳಿದಿದ್ದೇವೆ. ಆದರೆ ನಿಂತಲ್ಲಿಯೇ ನಿಂತು, ಹಾಗೆ ನಿಂತದ್ದರಿಂದಲೇ ಜನರ ಪ್ರೀತಿಯನ್ನು ಗಳಿಸಿದ ಒಂದು ಕಥಾಪ್ರಕಾರ ನಮ್ಮ ನಡುಮನೆಗಳಲ್ಲಿಯೇ ಇದೆ. ಕಿರುತೆರೆಯ ಹಾಸ್ಯ ಧಾರಾವಾಹಿಯೇ ಅದು. ಇಂಗ್ಲಿಷಿನವರು ಸಿಟ್‌ಕಾಮ್ ಎನ್ನುವ ಪ್ರಕಾರ. ಅಲ್ಲಿ ಕಥೆ ಮುಂದುವರಿಯಬೇಕೆ, ಬೇಡವೆ ಎಂಬ ವಾದ ಅದನ್ನು ನೋಡುವವರ ನಡುವೆ ಎಂದಿನಿಂದಲೂ ಇದೆ. ಆ ವಾದದ ಒಳಗೆ ಏನಿದೆ, ಎರಡು ಪಕ್ಷಗಳಲ್ಲಿ ಯಾರ ಮಾತಿನಲ್ಲಿ ಎಷ್ಟು ಹುರುಳಿದೆ ಎಂಬುದನ್ನು ವಿವರಿಸುವುದು ಈ ಭಾಷಣದ ಉದ್ದೇಶ.

ಸಾಹಿತ್ಯದ ಅಭಿರುಚಿಯುಳ್ಳ ಕೆಲವರು ಇಲ್ಲಿಯೇ ಹುಬ್ಬು ಗಂಟಿಕ್ಕಬಹುದು. ಪಂಪ, ಕುಮಾರವ್ಯಾಸರನ್ನು ಪಾಠ ಹೇಳಿದವನಿಗೆ ಧಾರಾವಾಹಿಯ ಗೊಡವೆ ಏಕೆ ಎಂದು ನನ್ನ ಸ್ನೇಹಿತರೇ ಕೇಳಿದ್ದಾರೆ. ನಾನು ನಿವೃತ್ತನಾಗಿ ನೆಲೆಸಿರುವುದು ಕೋಲಾರ ತಾಲ್ಲೂಕಿನ ವೇಮಗಲ್‌ನಲ್ಲಿ. ರೇಷ್ಮೆ, ಹಾಲು, ತರಕಾರಿಗಳಿಂದ ಬದುಕಿದ ಹೋಬಳಿ ಇದು; ಈಚೆಗೆ ಸುತ್ತಮುತ್ತ ಕಾರ್ಖಾನೆಗಳೂ ಬಂದಿವೆ. ಇಲ್ಲಿಯ ಎಷ್ಟೋ ಮನೆಗಳಲ್ಲಿ ಒಲೆಯ ಮುಂದಿನ ಮಾತು ತೆಲುಗು, ಬೀದಿಯ ಮಾತು ಕನ್ನಡ. ಕಾದಂಬರಿಯನ್ನು ಕೈಯಲ್ಲಿ ಹಿಡಿಯದವರು ಇಲ್ಲಿ ಬಹಳ ಮಂದಿ. ಅಂಥವರು ಹಾಲಿನ ಡೇರಿಯ ಮುಂದೆ ಕ್ಯಾನು ಇಟ್ಟುಕೊಂಡು ನಿಂತಾಗ ಪಾತ್ರ, ಸನ್ನಿವೇಶ, ಔಚಿತ್ಯಗಳ ಬಗೆಗೆ ಕನ್ನಡದಲ್ಲಿ ಆಡುವ ಮಾತನ್ನು ನಾನು ವರ್ಷಗಟ್ಟಲೆ ಕೇಳಿದ್ದೇನೆ. ಪರಿಭಾಷೆ ಇರಲಿಲ್ಲ ಎಂಬುದನ್ನು ಬಿಟ್ಟರೆ ಅದು ವಿಮರ್ಶೆಯೇ. ವಿಮರ್ಶೆ ನಡೆಯುವ ಕಡೆ ಕನ್ನಡದ ಮೇಷ್ಟ್ರಿಗೆ ಕೆಲಸವಿಲ್ಲ ಎನ್ನಲಾಗದು.

ಮೊದಲು ಸ್ವಲ್ಪ ಹಿನ್ನೆಲೆಯನ್ನು ಹೇಳಬೇಕು. ಕನ್ನಡ ಕಿರುತೆರೆಯಲ್ಲಿ ದೀರ್ಘ ಕಥೆಯ ರುಚಿಯನ್ನು ಹತ್ತಿಸಿದ್ದು 1998ರಲ್ಲಿ ದೂರದರ್ಶನದಲ್ಲಿ ಬಂದ 'ಮಾಯಾಮೃಗ'. ಅದನ್ನು ಟಿ. ಎನ್. ಸೀತಾರಾಮ್, ಪಿ. ಶೇಷಾದ್ರಿ, ನಾಗೇಂದ್ರ ಶಾ ಮೂವರೂ ಸೇರಿ ನಿರ್ದೇಶಿಸಿದರು. ಇವರಲ್ಲಿ ಸೀತಾರಾಮ್ ಅವರು ಗೌರಿಬಿದನೂರು ಸೀಮೆಯವರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಗುವವರೆಗೆ ಆ ಸೀಮೆ ನಮ್ಮ ಕೋಲಾರ ಜಿಲ್ಲೆಗೇ ಸೇರಿತ್ತು. 2000ದ ಡಿಸೆಂಬರಿನಲ್ಲಿ ಈಟಿವಿ ಕನ್ನಡ ವಾಹಿನಿ ಆರಂಭವಾಯಿತು. ಅದರಲ್ಲಿ ಒಂದು ಕಡೆ ಸೀತಾರಾಮ್ ಅವರ 'ಮನ್ವಂತರ', 'ಮುಕ್ತ', 'ಮುಕ್ತ ಮುಕ್ತ' ಮೊದಲಾದ ಗಂಭೀರ ಧಾರಾವಾಹಿಗಳು ಬಂದವು. ಇನ್ನೊಂದು ಕಡೆ ಸಿಹಿಕಹಿ ಚಂದ್ರು ಅವರ 'ಪಾಪ ಪಾಂಡು', ವಿಜಯಪ್ರಸಾದ್ ನಿರ್ದೇಶನದ 'ಸಿಲ್ಲಿ ಲಲ್ಲಿ' ಬಂದವು. ಚಿದಾನಂದ್ ಅವರ ಪಾಂಡು, ಶಾಲಿನಿಯವರ ಶ್ರೀಮತಿ, ರವಿಶಂಕರ್ ಗೌಡರ ಡಾಕ್ಟರ್ ವಿಠಲರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ ಮನೆಮನೆಯ ನೆಂಟರಾದರು. ಒಂದೇ ವಾಹಿನಿಯಲ್ಲಿ, ಒಂದೇ ಕಾಲಘಟ್ಟದಲ್ಲಿ, ಎರಡು ಬಗೆಯ ಕಥೆಗಳನ್ನು ಜನ ನೋಡತೊಡಗಿದರು. ಎರಡರ ನಡುವಣ ಭೇದವನ್ನು ಅವರು ತಾವಾಗಿಯೇ ಕಂಡುಕೊಂಡರು.

ಕಂಡುಕೊಂಡ ಬಗೆಯೂ ಸ್ವಾರಸ್ಯವಾಗಿದೆ. ಆಗ ನಮ್ಮ ಕಡೆ ಸಂಜೆಯ ಹೊತ್ತು ಕರೆಂಟು ಹೋಗುವುದು ಸಾಮಾನ್ಯ. 'ಮುಕ್ತ'ದ ಹೊತ್ತಿಗೆ ಕರೆಂಟು ಹೋದರೆ ಮರುದಿನ ಬೆಳಗ್ಗೆ ಬೇರೆ ಊರಿನಲ್ಲಿರುವ ಬಂಧುಗಳಿಗೆ ಫೋನು ಮಾಡಿ, 'ನೆನ್ನೆ ಏನಾಯಿತು?' ಎಂದು ಕೇಳದೆ ವಿಧಿಯಿರಲಿಲ್ಲ. ಒಂದು ಕಂತು ತಪ್ಪಿದರೆ ಮುಂದಿನ ಕಂತಿನ ಅರ್ಥ ಕೆಡುತ್ತಿತ್ತು. 'ಪಾಪ ಪಾಂಡು'ವಿನ ಹೊತ್ತಿಗೆ ಕರೆಂಟು ಹೋದರೆ ಬೇಸರವಾಗುತ್ತಿತ್ತು, ನಷ್ಟವಾಗುತ್ತಿರಲಿಲ್ಲ. ನಾಳೆ ನೋಡಿದರೂ ಪಾಂಡು ಅದೇ ಪಾಂಡು, ಶ್ರೀಮತಿ ಅದೇ ಶ್ರೀಮತಿ. ಒಂದು ಕಂತನ್ನು ತೆಗೆದುಹಾಕಿದರೆ ಕೊರತೆ ಕಾಣುತ್ತದೆಯೇ ಎಂಬುದು ಕಥಾಶಿಲ್ಪವನ್ನು ಪರೀಕ್ಷಿಸುವ ಬಹಳ ಹಳೆಯ ಒರೆಗಲ್ಲು. ಗ್ರೀಸಿನ ಅರಿಸ್ಟಾಟಲನು ಒಂದರ ಹಿಂದೊಂದು ಪ್ರಸಂಗ ಬಂದು ಅವುಗಳ ನಡುವೆ ಕಾರ್ಯಕಾರಣದ ಸಂಬಂಧವಿಲ್ಲದ ಕಥಾವಸ್ತುವನ್ನು ಅತ್ಯಂತ ಕೆಳಗಿನದೆಂದು ಎಣಿಸಿದನು. ಅವನು ವಿದ್ಯುಚ್ಛಕ್ತಿಯಿಲ್ಲದೆ ಮಾಡಿದ ಪರೀಕ್ಷೆಯನ್ನು ನಮ್ಮೂರಿನವರು ವಿದ್ಯುಚ್ಛಕ್ತಿ ಹೋದಾಗ ಮಾಡಿದರು, ಅಷ್ಟೆ. ಆದರೆ ಅವರು ಅರಿಸ್ಟಾಟಲನಷ್ಟು ಬೇಗ ತೀರ್ಪು ಕೊಡಲಿಲ್ಲ, ವಾದಕ್ಕೆ ಕೂತರು.

ಆ ವಾದದಲ್ಲಿ ಎರಡು ಪಕ್ಷಗಳಿದ್ದವು. ಒಂದು ಪಕ್ಷದವರು ಕಥೆಗೆ ಮುನ್ನಡೆ ಬೇಕೆನ್ನುವವರು. "ಅಲ್ಲ ಮೇಷ್ಟ್ರೇ, ಇಷ್ಟು ದಿನ ಆದ್ರೂ ಆ ಪಾಂಡೂಗೆ ಬುದ್ಧಿ ಬರಬೇಡ್ವಾ? ಕತ್ತೆ ಆದ್ರೂ ಒಂದು ಸಲ ಒದೀತದೆ" ಎಂದು ಒಬ್ಬ ರೈತರು ನನ್ನನ್ನು ಕೇಳಿದ್ದುಂಟು. ಅವರ ಪ್ರಶ್ನೆ ಲಘುವಲ್ಲ. ಮನುಷ್ಯನು ಅನುಭವದಿಂದ ಏನನ್ನೂ ಕಲಿಯದಿದ್ದರೆ ಅವನು ಮನುಷ್ಯನೆಂದು ನಂಬುವುದು ಹೇಗೆ? ನೆನ್ನೆ ಸುಳ್ಳು ಹೇಳಿ ಸಿಕ್ಕಿಬಿದ್ದವನು ಇಂದು ಮತ್ತೆ ಅದೇ ಸುಳ್ಳನ್ನು ಹೇಳುತ್ತಾನೆ ಎಂದರೆ ಅವನಿಗೆ ನೆನಪೇ ಇಲ್ಲವೇ? ಇನ್ನೊಂದು ಪಕ್ಷದವರು, ಹಾಗೆಯೇ ಇರಲಿ ಎನ್ನುವವರು. "ಅವನಿಗೆ ಬುದ್ಧಿ ಬಂದರೆ ನಾವು ನೋಡೋದು ಏನನ್ನು?" ಎಂಬ ಒಂದೇ ಪ್ರಶ್ನೆಯಿಂದ ಅವರು ಎದುರು ಪಕ್ಷದ ಬಾಯಿ ಕಟ್ಟುತ್ತಿದ್ದರು.

ನಮ್ಮ ನಾಟ್ಯಶಾಸ್ತ್ರದ ನೆರವಿನಿಂದ ನೋಡಿದರೆ ಎರಡನೆಯ ಪಕ್ಷಕ್ಕೆ ಗಟ್ಟಿಯಾದ ಆಧಾರವಿದೆ. ನಾಟಕದ ಕಥಾವಸ್ತುವಿಗೆ ಐದು ಸಂಧಿಗಳನ್ನು ಲಾಕ್ಷಣಿಕರು ಹೇಳುತ್ತಾರೆ: ಮುಖ, ಪ್ರತಿಮುಖ, ಗರ್ಭ, ಅವಮರ್ಶ, ನಿರ್ವಹಣ. ಬೀಜ ಬಿತ್ತುವುದು, ಅದು ಮೊಳೆತು ಕಾಣುವುದು, ಒಳಗೆ ಬೆಳೆಯುವುದು, ವಿಘ್ನ ಬಂದು ತಡೆಯುವುದು, ಕೊನೆಗೆ ಫಲ ಕೈಸೇರುವುದು ಎಂದು ಸ್ಥೂಲವಾಗಿ ಹೇಳಬಹುದು. 'ಶಾಕುಂತಲ'ದಂಥ ನಾಟಕಕ್ಕೆ ಈ ಐದೂ ಬೇಕು. ಆದರೆ ಹತ್ತು ಬಗೆಯ ರೂಪಕಗಳಲ್ಲಿ ಹಾಸ್ಯಕ್ಕೆಂದೇ ಮೀಸಲಾದ ಪ್ರಹಸನಕ್ಕೆ ಅವರು ವಿಧಿಸಿದ್ದು ಎರಡೇ ಸಂಧಿಗಳನ್ನು: ಮುಖ ಮತ್ತು ನಿರ್ವಹಣ. ಆರಂಭವಿದೆ, ಮುಕ್ತಾಯವಿದೆ, ನಡುವೆ ಬೆಳೆಯುವ ಗರ್ಭವಿಲ್ಲ, ಎದೆ ನಡುಗಿಸುವ ಅವಮರ್ಶವಿಲ್ಲ.

ಒಂದು ನಿದರ್ಶನವನ್ನು ಕೊಡುತ್ತೇನೆ. ನಮ್ಮ ಗಡಿಯಾಚೆಯ ಕಂಚಿಯಲ್ಲಿ ಏಳನೆಯ ಶತಮಾನದಲ್ಲಿ ಆಳಿದ ಪಲ್ಲವ ದೊರೆ ಮಹೇಂದ್ರವರ್ಮನ 'ಮತ್ತವಿಲಾಸ ಪ್ರಹಸನ' ಒಂದೇ ಅಂಕದ್ದು. ಕುಡಿದು ಮತ್ತನಾದ ಕಾಪಾಲಿಕನೊಬ್ಬನ ಕಪಾಲ ಕಳೆದುಹೋಗುತ್ತದೆ. ಬೌದ್ಧ ಭಿಕ್ಷುವೇ ಕದ್ದನೆಂದು ಅವನು ಜಗಳ ತೆಗೆಯುತ್ತಾನೆ. ನಡುವೆ ಇನ್ನೊಬ್ಬ ಸಂನ್ಯಾಸಿ ಪಂಚಾಯಿತಿಗೆ ಬರುತ್ತಾನೆ. ಕೊನೆಗೆ ನಾಯಿಯೊಂದು ಕಚ್ಚಿಕೊಂಡು ಹೋಗಿದ್ದ ಕಪಾಲ ಒಬ್ಬ ಹುಚ್ಚನ ಕೈಯಲ್ಲಿ ಸಿಗುತ್ತದೆ. ಕಪಾಲ ದೊರಕಿತು, ಜಗಳ ಮುಗಿಯಿತು. ಕಾಪಾಲಿಕ ಕುಡಿತವನ್ನು ಬಿಟ್ಟನೇ? ಇಲ್ಲ. ಭಿಕ್ಷುವಿಗೆ ಜ್ಞಾನೋದಯವಾಯಿತೇ? ಅದೂ ಇಲ್ಲ. ಎಲ್ಲರೂ ಬಂದಂತೆಯೇ ಹಿಂದಿರುಗುತ್ತಾರೆ. ಮರುದಿನ ಅದೇ ಕಾಪಾಲಿಕನ ಜೋಳಿಗೆ ಕಳೆಯಿತೆಂದು ಇನ್ನೊಂದು ಪ್ರಹಸನವನ್ನು ಬರೆದಿದ್ದರೆ, ಅದರ ಮರುದಿನ ಮತ್ತೊಂದನ್ನು ಬರೆದಿದ್ದರೆ, ಅದೇ ಇಂದಿನ ಹಾಸ್ಯ ಧಾರಾವಾಹಿಯಾಗುತ್ತಿತ್ತು. ಒಂದೇ ಮನೆಯಲ್ಲಿ, ಅದೇ ಜನರ ನಡುವೆ, ದಿನಕ್ಕೊಂದರಂತೆ ನಡೆಯುವ ಪ್ರಹಸನಗಳ ಸರಣಿ ಅದು. ಆದ್ದರಿಂದ ಅದನ್ನು ಕಾದಂಬರಿಯ ಅಳತೆಗೋಲಿನಿಂದ ಅಳೆದು 'ಕಥೆಯೇ ಇಲ್ಲ' ಎನ್ನುವುದು, ಹಣತೆಯನ್ನು ನೋಡಿ 'ಇದು ಒಲೆಯಂತೆ ಉರಿಯುವುದಿಲ್ಲ' ಎಂದಂತೆ.

ಹಾಸ್ಯಕ್ಕೆ ಈ ನಿಲುಗಡೆ ಏಕೆ ಬೇಕು? ನಗುವವನಿಗೆ ಒಂದು ಅಭಯ ಬೇಕು. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಬಿದ್ದವನು ಎದ್ದು ನಡೆಯುತ್ತಾನೆಂಬ ಭರವಸೆ ಇದ್ದರೆ ನಗು. ಸೊಂಟ ಮುರಿಯಿತೆಂದು ತಿಳಿದರೆ ಅದೇ ದೃಶ್ಯ ಕರುಣ. ಪಾಂಡು ಹೆಂಡತಿಗೆ ಹೆದರುತ್ತಾನೆ. ಆ ಹೆದರಿಕೆ ಕಂತು ಮುಗಿಯುವಾಗ ಒರಸಿಹೋಗುವುದರಿಂದ ನಾವು ನಗುತ್ತೇವೆ. ಅದು ಅವನ ಮನಸ್ಸಿನಲ್ಲಿ ದಿನದಿನಕ್ಕೂ ಕೂಡಿ ಬೆಳೆಯುತ್ತಿದೆ ಎಂದು ಒಬ್ಬ ಲೇಖಕ ತೋರಿಸಹೊರಟರೆ, ಹತ್ತನೆಯ ಕಂತಿನ ಹೊತ್ತಿಗೆ ಅದು ದಾಂಪತ್ಯದ ದುರಂತವಾಗುತ್ತದೆ. ಒಳ್ಳೆಯ ದುರಂತವೇ ಆಗಬಹುದು, ಆದರೆ ನಗು ಉಳಿಯುವುದಿಲ್ಲ. ಮುನ್ನಡೆ ಎಂದರೆ ಪರಿಣಾಮಗಳು ಸಂಗ್ರಹವಾಗುವುದು. ಪರಿಣಾಮ ಸಂಗ್ರಹವಾದಂತೆ ಹಾಸ್ಯದ ಅಭಯ ಕರಗುತ್ತದೆ. ಇದು ಈ ಪ್ರಕಾರದ ಮೂಲ ನಿಯಮ.

ಈ ನಿಯಮದ ಇನ್ನೊಂದು ಮುಖವನ್ನು ನನಗೆ ತಿಳಿಸಿದವರು ಲಾಕ್ಷಣಿಕರಲ್ಲ, ನನ್ನ ದೊಡ್ಡಮ್ಮ. ಸೊಂಟ ಮುರಿದು ಮಂಚ ಹಿಡಿದ ಮೇಲೆ ಅವರ ಸಂಜೆಗಳಿಗೆ ಜೊತೆಯಾದದ್ದು 'ಸಿಲ್ಲಿ ಲಲ್ಲಿ'. ಮನೆಯ ಹುಡುಗರು ಒಮ್ಮೆ, "ಏನು ದೊಡ್ಡಮ್ಮ, ದಿನಾ ಅದೇ ಡಾಕ್ಟ್ರು ಅದೇ ಜಂಬ ಕೊಚ್ಕೋತಾನೆ, ಅದೇ ನೋಡ್ತೀರಲ್ಲ" ಎಂದು ಹಾಸ್ಯ ಮಾಡಿದರು. ಅವರು ಸಿಟ್ಟಾಗಲಿಲ್ಲ. "ನನಗೇ ದಿನಕ್ಕೊಂದು ಬದಲಾಗ್ತಾ ಇದೆ ಕಣ್ರಪ್ಪ. ನೆನ್ನೆ ಎತ್ತಿದ ಕೈ ಇವತ್ತು ಎತ್ತೋಕೆ ಆಗಲ್ಲ. ಅವರಾದ್ರೂ ಹಾಗೇ ಇರಲಿ ಬಿಡಿ" ಎಂದರು. ಹುಡುಗರು ಸುಮ್ಮನಾದರು. ಕಥೆಯ ಮುನ್ನಡೆಯನ್ನು ಬಯಸುವವನು ಸಾಮಾನ್ಯವಾಗಿ ತನ್ನ ಬದುಕೂ ಮುಂದೆ ಎಲ್ಲಿಗೋ ಹೋಗುತ್ತದೆಂಬ ನಂಬಿಕೆಯುಳ್ಳವನು. ತನ್ನ ಬದುಕು ಒಂದೇ ದಿಕ್ಕಿಗೆ ಹೋಗುತ್ತಿದೆ ಎಂದು ತಿಳಿದವರಿಗೆ, ಮುಂದಕ್ಕೆ ಹೋಗದ ಕಥೆಯೊಂದು ಊರುಗೋಲಾಗಬಲ್ಲದು. ಈ ಮಾತನ್ನು ಮರೆತು ಹಾಸ್ಯ ಧಾರಾವಾಹಿಯನ್ನು ಜರೆಯುವ ವಿಮರ್ಶಕನು ಕಲೆಯ ಒಂದು ಪ್ರಯೋಜನವನ್ನೇ ಕೈಬಿಟ್ಟಂತೆ.

ಹಾಗಾದರೆ ಮೊದಲನೆಯ ಪಕ್ಷದ್ದು ಬರಿಯ ಮೊಂಡುವಾದವೇ? ಅಲ್ಲ. ಪ್ರಹಸನ ಒಂದು ಸಂಜೆಯದು. ಧಾರಾವಾಹಿ ಸಾವಿರ ಸಂಜೆಯದು. ಈ ಭೇದದಿಂದ ಲಾಕ್ಷಣಿಕರು ಎಣಿಸದಿದ್ದ ತೊಡಕೊಂದು ಹುಟ್ಟುತ್ತದೆ. ಕಥೆಯೊಳಗಿನ ಗಡಿಯಾರ ನಿಂತಿರುತ್ತದೆ, ನಟರ ಮೈಯೊಳಗಿನ ಗಡಿಯಾರ ನಡೆಯುತ್ತಿರುತ್ತದೆ. ಮಕ್ಕಳ ಪಾತ್ರದವರಿಗೆ ಮೀಸೆ ಬರುತ್ತದೆ. ತಾಯಿಯ ಪಾತ್ರದವರು ನಿಜವಾಗಿಯೂ ತಾಯಿಯಾಗುತ್ತಾರೆ.

ಈ ತೊಡಕನ್ನು ಬೇರೆ ಬೇರೆ ಕಡೆ ಬೇರೆ ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದ್ದಾರೆ. ಅಮೆರಿಕದಲ್ಲಿ 1951ರಲ್ಲಿ ಆರಂಭವಾದ 'ಐ ಲವ್ ಲೂಸಿ'ಯ ನಾಯಕಿ ಲೂಸಿಲ್ ಬಾಲ್ ಗರ್ಭಿಣಿಯಾದಾಗ ಅದನ್ನು ಮರೆಮಾಡದೆ ಕಥೆಯೊಳಕ್ಕೇ ತಂದರು. 1953ರ ಜನವರಿ 19ರಂದು ಕಥೆಯ ಲೂಸಿಗೂ ನಿಜದ ಲೂಸಿಲಳಿಗೂ ಒಂದೇ ದಿನ ಮಗು ಹುಟ್ಟಿತು. ಎರಡು ಗಡಿಯಾರಗಳೂ ಕೂಡಿ ನಡೆದ ಅಪರೂಪದ ದಿನ ಅದು. ಇದಕ್ಕೆ ತೀರ ವಿರುದ್ಧವಾದದ್ದು 'ಮ್ಯಾಶ್'. ಕೊರಿಯದ ಯುದ್ಧ ನಡೆದದ್ದು 1950ರಿಂದ 1953ರವರೆಗೆ, ಮೂರು ವರ್ಷ. ಅಲ್ಲಿಯ ಸೇನಾ ಆಸ್ಪತ್ರೆಯನ್ನು ಕುರಿತ ಆ ಹಾಸ್ಯ ಧಾರಾವಾಹಿ ನಡೆದದ್ದು 1972ರಿಂದ 1983ರವರೆಗೆ, ಹನ್ನೊಂದು ವರ್ಷ. ಯುದ್ಧಕ್ಕಿಂತ ಯುದ್ಧದ ನಗೆಯೇ ಉದ್ದವಾಯಿತು. ಆದರೂ ಅದರ ಕೊನೆಯ ಕಂತಿನಲ್ಲಿ ಯುದ್ಧ ಮುಗಿಯಿತು, ಎಲ್ಲರೂ ಬೀಳ್ಕೊಂಡರು. ಆ ಬೀಳ್ಕೊಡುಗೆಯನ್ನು ಹತ್ತು ಕೋಟಿಗೂ ಹೆಚ್ಚು ಜನ ನೋಡಿದರು.

ನಮ್ಮ ದೇಶದ ನಿದರ್ಶನ ಬೇಕೆಂದರೆ 'ತಾರಕ್ ಮೆಹ್ತಾ ಕಾ ಉಲ್ಟಾ ಚಶ್ಮಾ' ಇದೆ. ಗುಜರಾತಿ ಲೇಖಕ ತಾರಕ ಮೆಹ್ತಾ ಅವರು 1971ರಿಂದ 'ಚಿತ್ರಲೇಖಾ' ವಾರಪತ್ರಿಕೆಯಲ್ಲಿ ಬರೆದ ಅಂಕಣ ಅದರ ಮೂಲ. 2008ರ ಜುಲೈಯಲ್ಲಿ ಆರಂಭವಾಗಿ 4000ಕ್ಕೂ ಹೆಚ್ಚು ಕಂತುಗಳನ್ನು ದಾಟಿತು. ಅದರಲ್ಲಿ ಪೋಪಟ್‌ಲಾಲ್ ಎಂಬ ಪತ್ರಕರ್ತನಿಗೆ ಹೆಣ್ಣು ಹುಡುಕುವ ಪ್ರಸಂಗ ವರ್ಷವರ್ಷವೂ ಬರುತ್ತದೆ, ವರ್ಷವರ್ಷವೂ ಮುರಿಯುತ್ತದೆ. ಅವನಿಗೆ ಮದುವೆ ಮಾಡಿಬಿಡಿ ಎಂದು ಒಂದು ಪಕ್ಷ. ಮದುವೆಯಾದರೆ ಪೋಪಟ್‌ಲಾಲ್ ಎಲ್ಲಿ ಉಳಿದ ಎಂದು ಇನ್ನೊಂದು ಪಕ್ಷ. ನಮ್ಮೂರಿನ ಡೇರಿಯ ಮುಂದಿನ ವಾದವೇ ಅಲ್ಲಿ ಹಿಂದಿಯಲ್ಲಿ ನಡೆದಿದೆ. ಇತ್ತ ಟಪು ಎಂಬ ಬಾಲಕನ ಪಾತ್ರಧಾರಿ ಬೆಳೆದು ಹೊರಟುಹೋಗಿ, ಬೇರೆಯವರು ಬಂದು, ಅವರೂ ಹೋಗಿ ಮತ್ತೊಬ್ಬರು ಬಂದರು. ಪೋಪಟ್‌ಲಾಲನ ಕಾಲ ನಿಂತಿದೆ, ಟಪುವಿನ ಕಾಲ ಓಡಿದೆ. ಇಬ್ಬರೂ ಇರುವುದು ಒಂದೇ ವಠಾರದಲ್ಲಿ. ಮುನ್ನಡೆ ಬೇಕೆನ್ನುವವರಿಗೆ ಕಿರಿಕಿರಿಯಾಗುವುದು ಇಂಥ ಕಡೆ. ಕಥೆ ನಿಂತಿದೆ ಎಂಬುದಲ್ಲ ಅವರ ನಿಜವಾದ ದೂರು. ಒಂದು ಭಾಗ ನಿಂತು ಇನ್ನೊಂದು ನಡೆಯುತ್ತಿದೆ, ಹೀಗಾಗಿ ನಂಬುವುದು ಕಷ್ಟ ಎಂಬುದು.

ಇಲ್ಲಿ ಒಂದು ವಿವೇಚನೆ ಅಗತ್ಯ. ಮುನ್ನಡೆ ಎಂಬ ಒಂದೇ ಮಾತಿನಲ್ಲಿ ನಾವು ಎರಡು ಸಂಗತಿಗಳನ್ನು ಬೆರಸುತ್ತೇವೆ. ಘಟನೆ ಮುಂದುವರಿಯುವುದು ಒಂದು. ಪಾತ್ರದ ಪರಿಚಯ ಆಳವಾಗುವುದು ಇನ್ನೊಂದು. ಪಾಂಡುವಿಗೆ ಧೈರ್ಯ ಬರುವುದು ಮೊದಲನೆಯದು. ಅವನು ಏತಕ್ಕೆ ಹೆದರುತ್ತಾನೆ, ಹೆದರಿಕೆಯ ನಡುವೆಯೂ ಯಾವ ಚಾತುರ್ಯದಿಂದ ತನ್ನ ಒಂದಿಷ್ಟು ಸುಖವನ್ನು ಉಳಿಸಿಕೊಳ್ಳುತ್ತಾನೆ, ಆ ಹೆಂಡತಿಯ ಗದರಿಕೆಯ ಹಿಂದೆ ಎಂಥ ಅಕ್ಕರೆ ಇದೆ ಎಂಬುದನ್ನು ದಿನದಿನಕ್ಕೆ ಹೆಚ್ಚಾಗಿ ತಿಳಿಯುವುದು ಎರಡನೆಯದು. ಮೊದಲನೆಯದು ಹಾಸ್ಯವನ್ನು ಕೊಲ್ಲಬಹುದು, ಎರಡನೆಯದು ಕೊಲ್ಲುವುದಿಲ್ಲ. ಬಾವಿ ತೋಡುವವನು ನಿಂತ ಜಾಗವನ್ನು ಬಿಟ್ಟು ಕದಲುವುದಿಲ್ಲ, ಆದರೂ ಅವನ ಕೆಲಸ ಸಾಗುತ್ತಿರುತ್ತದೆ. ಅಡಿಗಟ್ಟಲೆ ಕೊಳವೆಬಾವಿ ಕೊರೆದ ನಮ್ಮ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪ್ರೇಕ್ಷಕರು 'ಕಥೆ ಮುಂದಕ್ಕೆ ಹೋಗುತ್ತಿಲ್ಲ' ಎಂದು ಗೊಣಗುವಾಗ ಬಹಳ ಸಲ ಅವರ ಅರ್ಥ 'ಆಳಕ್ಕೆ ಹೋಗುತ್ತಿಲ್ಲ' ಎಂದೇ. ಬರೆಯುವವರು ಇದನ್ನು ತಪ್ಪಾಗಿ ತಿಳಿದು ಅಪಹರಣ, ಅಪಘಾತ, ಕಳೆದುಹೋದ ಅವಳಿ ತಮ್ಮ ಇತ್ಯಾದಿಗಳನ್ನು ತಂದು ತುರುಕುತ್ತಾರೆ. ಆಗ ಮುನ್ನಡೆ ಬೇಕೆಂದವರೂ ಮುಖ ಸಿಂಡರಿಸುತ್ತಾರೆ.

ಇನ್ನು, ಕಥೆಯ ನಡೆಯನ್ನು ನಿರ್ಧರಿಸುವ ಹಕ್ಕು ಯಾರದು ಎಂಬ ಪ್ರಶ್ನೆ. ಬರೆಯುವವನದೋ, ನೋಡುವವನದೋ? ಇದು ಕಿರುತೆರೆಯಿಂದ ಹುಟ್ಟಿದ್ದಲ್ಲ. ಡಿಕನ್ಸ್ 1840-41ರಲ್ಲಿ ಒಂದು ಕಾದಂಬರಿಯನ್ನು ಕಂತುಗಳಲ್ಲಿ ಪ್ರಕಟಿಸುತ್ತಿದ್ದಾಗ, ಪುಟ್ಟ ನೆಲ್‌ಳನ್ನು ಸಾಯಿಸಬೇಡಿರೆಂದು ಓದುಗರು ಪತ್ರ ಬರೆದರು, ಆತ ಕೇಳಲಿಲ್ಲ. ಕಾನನ್ ಡಾಯ್ಲ್ 1893ರಲ್ಲಿ ಷರ್ಲಾಕ್ ಹೋಮ್ಸನನ್ನು ಕೊಂದನು. ಓದುಗರ ಒತ್ತಾಯ ನಿಲ್ಲಲಿಲ್ಲ. 1903ರಲ್ಲಿ ಅವನನ್ನು ಬದುಕಿಸಿ ಕರೆತರಬೇಕಾಯಿತು. ನಮ್ಮಲ್ಲಿಯೂ ವಾರಪತ್ರಿಕೆಗಳ ಧಾರಾವಾಹಿ ಕಾದಂಬರಿಯ ನಾಯಕಿಗೆ ನ್ಯಾಯ ಕೊಡಿಸಿರೆಂದು ಅಂಚೆಯ ಕಾರ್ಡು ಬರೆದವರನ್ನು ನಾನು ಬಲ್ಲೆ. 1984ರಲ್ಲಿ ಬಂದ 'ಹಮ್ ಲೋಗ್'ಗೆ ಸಹಸ್ರಾರು ಪತ್ರಗಳು ಬಂದವು; ಕಂತಿನ ಕೊನೆಗೆ ನಟ ಅಶೋಕ್ ಕುಮಾರ್ ಪ್ರೇಕ್ಷಕರೊಡನೆ ನೇರವಾಗಿ ಮಾತನಾಡುತ್ತಿದ್ದರು. ಸೀತಾರಾಮ್ ಅವರ ಧಾರಾವಾಹಿಗಳ ಕಾಲದಲ್ಲಿ ಪ್ರೇಕ್ಷಕರೊಡನೆ ಸಂವಾದವೆಂಬ ಸಭೆಗಳೇ ನಡೆದವು. ಜನ ಎದ್ದುನಿಂತು ಪಾತ್ರಗಳ ನಡತೆಯನ್ನು ಪ್ರಶ್ನಿಸಿದರು. ಈ ಎಲ್ಲ ಕಡೆಗಳಲ್ಲಿ ಬರೆದವನು ಒಪ್ಪಿದನೋ ಬಿಟ್ಟನೋ, ಪ್ರೇಕ್ಷಕನ ಮಾತು ಮಾತಾಗಿಯೇ ಅವನ ಕಿವಿಗೆ ಬಿದ್ದಿತು.

ಕಿರುತೆರೆಯ ವ್ಯಾಪಾರ ಬೆಳೆದಂತೆ ಮಾತಿನ ಜಾಗಕ್ಕೆ ಅಂಕಿ ಬಂತು. ಆಯ್ದ ಕೆಲವು ಮನೆಗಳ ಪೆಟ್ಟಿಗೆಗೆ ಮೀಟರು ಜೋಡಿಸಿ, ಯಾವ ವಾಹಿನಿಯನ್ನು ಎಷ್ಟು ನಿಮಿಷ ನೋಡಿದರೆಂದು ಎಣಿಸಿ, ಅದರಿಂದ ಟಿಆರ್‌ಪಿ ಎಂಬ ಅಂಕವನ್ನು ತೆಗೆಯುತ್ತಾರೆ. ಜಾಹೀರಾತಿನ ದರ ಅದನ್ನು ಅನುಸರಿಸುತ್ತದೆ; ಕಥೆಯ ಆಯುಷ್ಯ ಜಾಹೀರಾತನ್ನು ಅನುಸರಿಸುತ್ತದೆ. ಈ ಎಣಿಕೆಯಲ್ಲಿ ಎರಡು ಕೊರತೆಗಳಿವೆ. ಎಷ್ಟು ಹೊತ್ತು ನೋಡಿದರೆಂದು ಮೀಟರು ಹೇಳುತ್ತದೆ, ನೋಡಿ ಏನೆಂದರೆಂದು ಹೇಳುವುದಿಲ್ಲ. ಪ್ರೀತಿಯಿಂದ ನೋಡಿದವನೂ, ಎದ್ದು ಬದಲಾಯಿಸಲು ಸೋಮಾರಿತನವಾಗಿ ನೋಡಿದವನೂ ಅಲ್ಲಿ ಸಮಾನರು. ಎರಡನೆಯದು ಇನ್ನೂ ದೊಡ್ಡದು. ಈ ದೇಶದ ಗ್ರಾಮಗಳ ವೀಕ್ಷಣೆಯನ್ನು ಲೆಕ್ಕಕ್ಕೆ ಸೇರಿಸಿ ಅಂಕಿಗಳನ್ನು ಪ್ರಕಟಿಸತೊಡಗಿದ್ದು 2015ರ ಅಕ್ಟೋಬರಿನಲ್ಲಿ, ಬಾರ್ಕ್ ಎಂಬ ಹೊಸ ಸಂಸ್ಥೆ ಬಂದ ಮೇಲೆ. ಅದಕ್ಕೆ ಮೊದಲಿನ ಎಣಿಕೆ ಪಟ್ಟಣಗಳದು. ಎಂದರೆ, 'ಪಾಪ ಪಾಂಡು', 'ಸಿಲ್ಲಿ ಲಲ್ಲಿ'ಗಳ ಉಚ್ಛ್ರಾಯದ ಕಾಲದಲ್ಲಿ ವೇಮಗಲ್‌ನಂಥ ಊರುಗಳು ನಕ್ಕದ್ದು ಯಾವ ಖಾತೆಗೂ ಏರಲಿಲ್ಲ. ಡೇರಿಯ ಮುಂದಿನ ಆ ವಾದವೆಲ್ಲ, ದೊಡ್ಡಮ್ಮನ ಆ ಮಾತೂ, ಕಥೆ ಬರೆಯುವವರ ಪಾಲಿಗೆ ಇಲ್ಲವೇ ಇಲ್ಲ.

ಅಂಕಿಯ ಆಳ್ವಿಕೆಯಲ್ಲಿ ಪ್ರೇಕ್ಷಕ ಕಳೆದುಕೊಳ್ಳುವುದು ಮುನ್ನಡೆಯನ್ನಲ್ಲ, ಮುಕ್ತಾಯವನ್ನು. 2018ರಲ್ಲಿ ಆರಂಭವಾದ ಸೀತಾರಾಮ್ ಅವರ 'ಮಗಳು ಜಾನಕಿ' 2020ರಲ್ಲಿ, ಕೊರೊನಾದ ಬಿಕ್ಕಟ್ಟಿನ ನಡುವೆ, ವಾಹಿನಿಯಲ್ಲಿ ನಿಂತುಹೋಯಿತು. ಅದು ಹಾಸ್ಯದ ಧಾರಾವಾಹಿಯಲ್ಲ, ಬೆಳೆಯುತ್ತಿದ್ದ ಕಥೆ. ಎರಡು ವರ್ಷ ಜೊತೆಗೆ ನಡೆದವರನ್ನು ನಡುದಾರಿಯಲ್ಲಿ ಇಳಿಸಿದಂತಾಯಿತು ಎಂದು ಜನ ನೊಂದರು. ಆ ನೋವಿನಲ್ಲಿ ಒಂದು ಶಾಸ್ತ್ರಾರ್ಥವಿದೆ. ಎರಡೇ ಸಂಧಿಯ ಪ್ರಹಸನಕ್ಕೂ ಐದು ಸಂಧಿಯ ನಾಟಕಕ್ಕೂ ಲಾಕ್ಷಣಿಕರು ಬಿಡದೆ ವಿಧಿಸಿದ ಸಂಧಿಗಳಲ್ಲಿ ನಿರ್ವಹಣ ಒಂದು. ನಡುವಿನದನ್ನು ಬಿಡಬಹುದು; ಕೊನೆಯದನ್ನು ಬಿಡುವಂತಿಲ್ಲ.

ಹಾಸ್ಯ ಧಾರಾವಾಹಿಗಳಿಗೆ ಇನ್ನೊಂದು ಬಗೆಯ ಪುನರ್ಜನ್ಮವೂ ಆಯಿತು. 'ಪಾಪ ಪಾಂಡು' 2018ರಲ್ಲಿ, 'ಸಿಲ್ಲಿ ಲಲ್ಲಿ' 2019ರಲ್ಲಿ ಕಲರ್ಸ್ ಸೂಪರ್ ವಾಹಿನಿಯಲ್ಲಿ ಮತ್ತೆ ಬಂದವು. ಪಾಂಡುವೂ ಶ್ರೀಮತಿಯೂ ಹಳೆಯ ನಟರೇ. ಆಗ ನಮ್ಮ ಮನೆಯಲ್ಲಿಯೇ ಹೊಸ ವಾದವೊಂದು ಎದ್ದಿತು. ಕಾಲೇಜು ಓದುವ ನನ್ನ ಮೊಮ್ಮಗಳು, "ತಾತ, ಹೆಂಡತಿ ಗಂಡನನ್ನು ಹೆದರಿಸಿದರೆ ಎಲ್ಲರೂ ನಗುತ್ತೀರಿ. ಗಂಡ ಹೆಂಡತಿಯನ್ನು ಹಾಗೆ ಹೆದರಿಸಿದರೆ ನಗುತ್ತೀರಾ?" ಎಂದು ಕೇಳಿದಳು. ನನ್ನ ಹೆಂಡತಿ, "ದಿನವೂ ಹೆದರುವವರು ಒಂದು ದಿನ ಹೆದರಿಸಿದ ಹಾಗೆ ಕಂಡರೆ ನಗು ಬರುತ್ತೆ ಕಣಮ್ಮ. ಅದು ತಲೆಕೆಳಗಾದ್ದರಿಂದಲೇ ನಗು" ಎಂದಳು. ಮೊಮ್ಮಗಳು ಬಿಡಲಿಲ್ಲ: "ಹಾಗಾದರೆ ಯಾರೂ ಯಾರಿಗೂ ಹೆದರದೆ ಇರುವ ಮನೆಯಲ್ಲಿ ಈ ನಗು ಹುಟ್ಟುವುದೇ ಇಲ್ಲ ಅಂತ ಆಯಿತಲ್ಲ ಅಜ್ಜಿ?" ಇಬ್ಬರ ಮಾತೂ ಸರಿಯೆಂದೇ ನನಗೆ ತೋರಿತು. ಪಾತ್ರಗಳು ನಿಂತಿರಬಹುದು, ಅವರ ಸುತ್ತಲಿನ ಲೋಕ ನಿಲ್ಲುವುದಿಲ್ಲ. ವೈಪರೀತ್ಯವೇ ಹಾಸ್ಯದ ಬೇರು ಎಂದು ನಮ್ಮವರು ಹೇಳಿದ್ದಾರೆ. ಯಾವುದು ವಿಪರೀತ, ಯಾವುದು ಸಹಜ ಎಂಬ ಗೆರೆ ಒಂದು ತಲೆಮಾರಿನಲ್ಲಿ ಸರಿದರೆ, ಕದಲದ ಹಾಸ್ಯವೂ ತಾನಿದ್ದ ಜಾಗದಿಂದ ಸರಿದಂತಾಗುತ್ತದೆ. ನಿಲ್ಲಿಸಿದ ಗಡಿಯಾರವೂ ಕೆಲವು ವರ್ಷಗಳ ಮೇಲೆ ಹಳೆಯದಾಗುತ್ತದೆ.

ಇಂಥ ವಾದಕ್ಕೆ ಒಂದು ಪೆಟ್ಟಿಗೆಯ ಮುಂದೆ ಮೂರು ತಲೆಮಾರು ಒಟ್ಟಿಗೆ ಕೂತಿರಬೇಕು. ಈಗ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು. ಒಬ್ಬೊಬ್ಬರದು ಒಂದೊಂದು ಕಥೆ, ಒಂದೊಂದು ಹೊತ್ತು, ಒಂದೊಂದು ಭಾಷೆ. ಕಂತು ತಪ್ಪುವ ಭಯವಿಲ್ಲ. ಆದ್ದರಿಂದ 'ನೆನ್ನೆ ಏನಾಯಿತು?' ಎಂದು ಯಾರೂ ಯಾರನ್ನೂ ಕೇಳಬೇಕಾಗಿಲ್ಲ. ಅನುಕೂಲವೇ ಸರಿ. ಆದರೆ ಕಥೆಯನ್ನು ಇನ್ನೊಬ್ಬನಿಗೆ ಹೇಳುವಾಗ ಮನುಷ್ಯ ಅದನ್ನು ತೂಗಿ ನೋಡುತ್ತಾನೆ, ಇನ್ನೊಬ್ಬ ಒಪ್ಪದಿದ್ದಾಗ ಕಾರಣ ಹುಡುಕುತ್ತಾನೆ. ಮಾಸ್ತಿಯವರೂ ಡಿ.ವಿ.ಜಿ.ಯವರೂ ಹುಟ್ಟಿದ ಈ ಜಿಲ್ಲೆಯಲ್ಲಿ ಹರಿಕಥೆ, ಬಯಲಾಟಗಳ ಮರುದಿನ ಕಟ್ಟೆಯ ಮೇಲೆ ನಡೆಯುತ್ತಿದ್ದ ಮಾತು ಇಂಥದೇ. ಮನೆಯಲ್ಲಿ ತೆಲುಗಾಡುವವರಿಗೂ ಆ ಮಾತಿನಲ್ಲಿ ಕನ್ನಡವೇ ಸಭೆಯ ಭಾಷೆ. ಧಾರಾವಾಹಿಯ ಬೆಲೆ ಎಷ್ಟೇ ಇರಲಿ, ಅದರ ಮೇಲೆ ನಡೆದ ವಾದದ ಬೆಲೆಯನ್ನು ನಾನು ಕಡಿಮೆ ಎನ್ನಲಾರೆ.

ಕಥೆಗೆ ಮುನ್ನಡೆ ಬೇಕೆ ಎಂಬ ಪ್ರಶ್ನೆಗೆ ಉತ್ತರವಾಗಿ ತಮಗೆಲ್ಲ ಗೊತ್ತಿರುವ ಒಂದು ಕಥಾಚೌಕಟ್ಟನ್ನು ನೆನಪಿಸಿ ಮುಗಿಸುತ್ತೇನೆ. ರಾಜ ವಿಕ್ರಮ ಹೆಗಲ ಮೇಲೆ ಬೇತಾಳವನ್ನು ಹೊತ್ತು ನಡೆಯುತ್ತಾನೆ. ಬೇತಾಳ ಕಥೆ ಹೇಳಿ ಪ್ರಶ್ನೆ ಕೇಳುತ್ತದೆ. ರಾಜ ಉತ್ತರ ಕೊಟ್ಟ ಕೂಡಲೆ ಅದು ಮತ್ತೆ ಮರಕ್ಕೆ ಹಾರುತ್ತದೆ. ಪ್ರತಿ ಸಲವೂ ಕಥೆ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಹಾಸ್ಯ ಧಾರಾವಾಹಿಯ ಕಂತಿನಂತೆ, ನಾಳೆ ಮತ್ತೆ ಅದೇ ಮರ, ಅದೇ ಹೆಗಲು. ಅದರಿಂದ ಕೇಳುಗನಿಗೆ ಬೇಸರವಿಲ್ಲ, ಏಕೆಂದರೆ ಪ್ರತಿ ಕಥೆಯಲ್ಲಿಯೂ ಹೊಸದೊಂದು ಧರ್ಮಸೂಕ್ಷ್ಮವಿದೆ. ಆದರೂ ಒಂದು ರಾತ್ರಿ ರಾಜನಿಗೆ ಉತ್ತರ ಹೊಳೆಯುವುದಿಲ್ಲ. ಅವನು ಮೌನವಾಗಿ ನಡೆಯುತ್ತಾನೆ. ಬೇತಾಳ ಮರಕ್ಕೆ ಹಾರದೆ, ಅವನಿಗೆ ಒದಗಿರುವ ಅಪಾಯವನ್ನು ತಿಳಿಸಿ ಕಾ​ಪಾಡುತ್ತದೆ. ಅಲ್ಲಿಗೆ ಚೌಕಟ್ಟು ತುಂಬುತ್ತದೆ. ಪ್ರಾಚೀನರು ಎರಡೂ ಪಕ್ಷಗಳಿಗೆ ನ್ಯಾಯ ಸಲ್ಲಿಸಿದ್ದಾರೆ. ನಗೆಯ ಕಥೆ ಬೇಕಾದಷ್ಟು ಸಲ ಮರಕ್ಕೆ ಹಿಂದಿರುಗಲಿ. ಹೊತ್ತವನ ಹೆಗಲಿಗೆ ಅದು ಭಾರವಾಗದಂತೆ ಪ್ರತಿ ಸಲವೂ ಹೊಸದೊಂದನ್ನು ಕೊಡಲಿ. ಆದರೆ ಕಡೆಯ ರಾತ್ರಿಯೊಂದನ್ನು ಅವನಿಗೆ ಉಳಿಸಿಕೊಡಬೇಕು. ಅಷ್ಟು ದೂರ ಹೊತ್ತು ನಡೆದವನಿಗೆ ಅದು ಸಲ್ಲಬೇಕಾದ ಬಾಕಿ.